ಅಕ್ಕನ ಪಾಠ, ತಮ್ಮನ ನಂಬರು

ಪಾಠ ಕೆಟ್ಟದಾಗಿದ್ದಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಕೆಟ್ಟ ಪಾಠ ತಲುಪದಿದ್ದರೆ ಯಾರಿಗೇನು ನಷ್ಟ? ಆದರೆ ಇದು ಒಳ್ಳೆಯ ಪಾಠ. ಸ್ತನದ ಕ್ಯಾನ್ಸರಿಗೆ ಆಪರೇಷನ್ ಆದ ಹೆಂಗಸರಿಗೆಂದೇ ಕಂಪ್ಯೂಟರಿನಲ್ಲಿ ಮಾಡಿದ ಹನ್ನೆರಡು ಪಾಠಗಳು. ವಾರಕ್ಕೊಂದು ಪಾಠ, ಪಾಠದ ಕೊನೆಗೆ ಐದು ಪ್ರಶ್ನೆ. ಮನೆಯಲ್ಲಿ ಫೋನಿನಲ್ಲೂ ನೋಡಬಹುದು, ಆಸ್ಪತ್ರೆಯ ಹಾಲ್‌ನಲ್ಲಿಟ್ಟ ಕಂಪ್ಯೂಟರಿನಲ್ಲೂ ನೋಡಬಹುದು. ಮಾತಾಡುವ ಹೆಂಗಸಿನ ದನಿ ಪಕ್ಕದ ಮನೆಯವರ ದನಿಯ ಹಾಗಿತ್ತು. ಕೈ ಹೇಗೆ ಎತ್ತಬೇಕು, ಯಾವ ನೋವಿಗೆ ಹೆದರಬೇಕು, ಯಾವುದಕ್ಕೆ ಹೆದರಬಾರದು, ಕನ್ನಡಿ ನೋಡಲು ಮನಸ್ಸಾಗದ ದಿನ ಏನು ಮಾಡಬೇಕು, ಎಲ್ಲವನ್ನೂ ಬಿಡಿಸಿ ಹೇಳುತ್ತಿದ್ದಳು. ಊಟದ ಬಿಡುವಿನಲ್ಲಿ ಕೂತು ನಾನು ಹನ್ನೆರಡನ್ನೂ ಕೇಳಿದ್ದೇನೆ. ಮಾಡಿದವರು ಯಾರೋ, ಕಾಯಿಲೆ ಬಿದ್ದ ಹೆಂಗಸರ ಹತ್ತಿರ ಕೂತು ಮಾಡಿದ್ದಾರೆ.

ಅಂಥ ಪಾಠ ಹೋಗಿ ಸೇರಿದ್ದು ಗಂಡಸರ ಜೇಬಿಗೆ. ಸೇರಿಸಿದವಳು ನಾನು.

ಆಸ್ಪತ್ರೆಯ ನೋಂದಣಿ ಕೌಂಟರಿನಲ್ಲಿ ಹನ್ನೊಂದು ವರ್ಷದಿಂದ ಕೂತಿದ್ದೇನೆ. ನನ್ನ ಮುಂದೆ ಗಾಜು, ಗಾಜಿಗೆ ಅರ್ಧಚಂದ್ರದ ಕಿಂಡಿ. ಕಿಂಡಿಯ ಆಚೆ ಸಾಲು, ಸಾಲಿನಲ್ಲಿ ಗಂಡಸರು. ಕಾಯಿಲೆಯ ಹೆಂಗಸರು ಹಿಂದಿನ ಕಬ್ಬಿಣದ ಕುರ್ಚಿಗಳಲ್ಲಿ ಫೈಲು ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಾರೆ. ಪಾಪ, ಸುಸ್ತಾಗಿರುತ್ತೆ, ನಿಲ್ಲಲಾಗುವುದಿಲ್ಲ, ನಿಜ. ಹೆಸರು ಕೇಳಿದರೆ ಗಂಡಸು ಹೇಳುತ್ತಾನೆ. ವಯಸ್ಸು ಕೇಳಿದರೆ ಹಿಂದೆ ತಿರುಗಿ "ಏಯ್, ನಿಂಗೆಷ್ಟೇ?" ಅಂತ ಕೂಗುತ್ತಾನೆ. ಮೊಬೈಲ್ ನಂಬರು ಕೇಳಿದರೆ ಮಾತ್ರ ಹಿಂದೆ ತಿರುಗುವುದಿಲ್ಲ, ತನ್ನದನ್ನೇ ಹೇಳುತ್ತಾನೆ. ನಾನು ಒತ್ತುತ್ತೇನೆ. ಫಾರಮ್ಮಿನಲ್ಲಿ ನಂಬರಿಗೆ ಇರುವುದು ಒಂದೇ ಖಾನೆ, ಯಾರ ನಂಬರು ಎಂದು ಅದು ಕೇಳುವುದಿಲ್ಲ. ಹನ್ನೊಂದು ವರ್ಷದಲ್ಲಿ ನಾನೂ ಒಂದು ಸಲವಾದರೂ ಕೇಳಿದವಳಲ್ಲ. ಪಾಠದ ಕಂಪ್ಯೂಟರಿಗೆ ನಂಬರು ಸಿಗುತ್ತಿದ್ದದ್ದು ಅದೇ ಖಾನೆಯಿಂದ. ಹಾಲ್‌ನ ಕಂಪ್ಯೂಟರಿನ ಮುಂದೆ ಕೂತರೂ ಅಷ್ಟೆ, ಒಳಗೆ ಹೋಗಲು ಬೇಕಾದ ಆರು ಅಂಕಿ ಆ ನಂಬರಿಗೇ ಬರುತ್ತಿತ್ತು. ಆ ಕಂಪ್ಯೂಟರನ್ನು ಯಾರಾದರೂ ಮುಟ್ಟಿದರೆ ತಾನೆ? ಧೂಳು ಕೂರುತ್ತೆ ಅಂತ, ಪಾಠದ ಉಸ್ತುವಾರಿ ನೋಡುವ ನಮ್ಮ ಸಂಯೋಜಕರು ಅದಕ್ಕೆ ಹೂವಿನ ಬಟ್ಟೆಯ ಮುಸುಕು ಹಾಕಿಸಿದ್ದರು. ದೊಡ್ಡವರು ಯಾರಾದರೂ ನೋಡಲು ಬಂದ ದಿನ ಮಾತ್ರ ಮುಸುಕು ತೆಗೆಯುವುದು.

ಕತ್ತರಿ ಅಕ್ಕ ಬಂದದ್ದು ಎಂಟು ತಿಂಗಳ ಹಿಂದೆ. ಕತ್ತರಿ ಎನ್ನುವುದು ಅವಳ ಕೆಲಸಕ್ಕೂ ಅವಳ ಬಾಯಿಗೂ ಸೇರಿಸಿ ಬೀದಿಯವರು ಇಟ್ಟ ಹೆಸರು. ಹದಿನಾಲ್ಕನೇ ವಯಸ್ಸಿಗೆ ಅಪ್ಪ ಹೋದಾಗ ಮಿಷನ್ನಿನ ಮುಂದೆ ಕೂತವಳು. ಮೊದಲು ಕಾಜಾ ಗುಂಡಿ, ಆಮೇಲೆ ಕಾಲರು, ಆಮೇಲೆ ಇಡೀ ಅಂಗಿ. ಸುತ್ತಲಿನ ಮೂರು ಶಾಲೆಗಳ ಯೂನಿಫಾರಮ್ಮು ಅವಳ ಕೈಯಿಂದಲೇ ಆಗಬೇಕು. ಹನ್ನೆರಡು ಪದರ ಬಟ್ಟೆ ಒಂದರ ಮೇಲೊಂದು ಹಾಸಿ, ಮೇಲಿನ ಪದರಕ್ಕೆ ಮಾತ್ರ ಸೀಮೆಸುಣ್ಣದ ಗೆರೆ ಎಳೆದು, ದೊಡ್ಡ ಕತ್ತರಿಯಿಂದ ಒಂದೇ ಏಟಿಗೆ ಕತ್ತರಿಸುತ್ತಿದ್ದಳಂತೆ. ಕೆಳಗಿನ ಪದರಕ್ಕೂ ಮೇಲಿನದಕ್ಕೂ ಎಳ್ಳಷ್ಟು ವ್ಯತ್ಯಾಸ ಇರುತ್ತಿರಲಿಲ್ಲ. ಆ ಬಲಗೈ ಒಂದಿದ್ದರೆ ಸಾಕು, ಇನ್ಯಾರ ಹಂಗೂ ಬೇಡ ಎಂದು ಬದುಕಿದವಳು. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆ, "ನನ್ನ ಅಳತೆಗೆ ಯಾವನೂ ಸಿಗಲಿಲ್ಲ, ಸಿಕ್ಕಿದ್ದನ್ನ ಎಷ್ಟು ಅಂತ ಆಲ್ಟರ್ ಮಾಡ್ಲಿ?" ಎನ್ನುತ್ತಿದ್ದಳು. ಓದಿಸಿ ಬೆಳೆಸಿದ್ದು ಒಬ್ಬ ತಮ್ಮನನ್ನು. ಅವನು ಬಸ್ ಕಂಡಕ್ಟರು, ಅವಳ ಜೊತೆಗೇ ಇದ್ದಾನೆ.

ಮೊದಲ ದಿನ ಸಾಲಿನಲ್ಲಿ ನಿಂತವನು ಆ ತಮ್ಮ. ತನ್ನ ನಂಬರು ಹೇಳಿ, ಕಿಂಡಿಯ ಹತ್ತಿರ ಬಾಯಿ ತಂದು ಪಿಸುಗುಟ್ಟಿದ.

"ಮೇಡಂ, ನಮ್ಮಕ್ಕಂಗೆ ಗೊತ್ತಿಲ್ಲ. ಬರೀ ಗಡ್ಡೆ ಅಂತ ಹೇಳಿದ್ದೀನಿ. ದಯವಿಟ್ಟು ಆ ಪದ ಎತ್ತಬೇಡಿ. ಕೇಳಿದ್ರೆ ಎದೆ ಒಡ್ಕೊಂಡುಬಿಡ್ತಾಳೆ."

ಇಂಥ ಮಾತು ನಾವು ದಿನಕ್ಕೆ ನಾಲ್ಕು ಸಲ ಕೇಳುತ್ತೇವೆ. ಗೇಟಿನ ಮೇಲೆ ಆಳೆತ್ತರದ ಅಕ್ಷರದಲ್ಲಿ ಕ್ಯಾನ್ಸರ್ ಆಸ್ಪತ್ರೆ ಎಂದು ಬರೆದಿದೆ. ಅದರ ಕೆಳಗೇ ಅಕ್ಕನನ್ನು ನಡೆಸಿಕೊಂಡು ಬಂದು, ಒಳಗೆ ಬಂದ ಮೇಲೆ ಪಿಸುಗುಟ್ಟುವುದು! ಹೆಂಗಸರಿಗೆ ಕಣ್ಣೇ ಇಲ್ಲವೆಂದು ಇವರೆಲ್ಲ ತಿಳಿದಿದ್ದಾರೋ ಏನೋ. ಆದರೂ ನಾನು ತಲೆಯಾಡಿಸಿದೆ. ಯಾವಾಗಲೂ ತಲೆಯಾಡಿಸುತ್ತೇವೆ.

ಬಲಗಡೆ ಆಪರೇಷನ್ ಆಯಿತು. ಕಂಕುಳಿನ ಗ್ರಂಥಿಗಳನ್ನೂ ತೆಗೆದರು. ಗಾಯ ಮಾಗಿದ ಮೇಲೆ ಮಾತ್ರೆ ಬರೆದುಕೊಟ್ಟು, ಆರು ತಿಂಗಳಿಗೆ ಬನ್ನಿ ಎಂದು ಕಳಿಸಿದರು. ಆ ವಾರದಿಂದಲೇ ತಮ್ಮನ ಫೋನಿಗೆ ಪಾಠ ಶುರುವಾಯಿತು.

ಆ ತಮ್ಮ ಸೋಮಾರಿಯಾಗಿದ್ದರೆ ಬೈದು ಕೈತೊಳೆದುಕೊಳ್ಳಬಹುದಿತ್ತು. ಆದರೆ ಅವನು ಒಂದು ಪಾಠವನ್ನೂ ಬಿಡಲಿಲ್ಲ. ಬಸ್ಸು ನಿಲ್ದಾಣದಲ್ಲಿ ನಿಂತ ಹತ್ತು ನಿಮಿಷದಲ್ಲಿ ಕಿವಿಗೆ ತಂತಿ ಸಿಕ್ಕಿಸಿಕೊಂಡು ಕೇಳಿದ. ಪುಸ್ತಕದಲ್ಲಿ ಬರೆದುಕೊಂಡ. ಪ್ರಶ್ನೆಗಳಿಗೆ ಯೋಚಿಸಿ ಉತ್ತರ ಒತ್ತಿದ. ಕೇಳಿದ್ದನ್ನು ಅಕ್ಕನಿಗೆ ಹೇಳಿದರೆ ಆ ಪದವೂ ಹೇಳಬೇಕಾಗುತ್ತಲ್ಲ, ಅದಕ್ಕೆ ಹೇಳದೆಯೇ ಮಾಡಿಸಲು ಹೊರಟ.

ಭಾರ ಎತ್ತಬಾರದು ಎಂಬ ಪಾಠ ಬಂದ ದಿನ ಅವಳ ಕೈಯಿಂದ ಬಕೆಟ್ಟು ಕಿತ್ತುಕೊಂಡ. ಯಾಕೋ ಎಂದರೆ "ಸುಮ್ನಿರು" ಅಂದ. ಕೈಯ ವ್ಯಾಯಾಮದ ಪಾಠ ಬಂದಾಗ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, "ಅಕ್ಕಾ, ಇದನ್ನ ಮುಟ್ಟು ನೋಡೋಣ" ಅಂದ.

"ಏನೋ, ನನಗೆ ಸ್ಕೂಲ್ ಡ್ರಿಲ್ ಮಾಡಿಸ್ತೀಯಾ? ಗೋಡೆ ಯಾಕೋ ಗಲೀಜು ಮಾಡಿದೆ?" ಎಂದು ಅವಳು ಒದ್ದೆ ಬಟ್ಟೆ ತಂದು ಒರೆಸಿಹಾಕಿದಳು.

ನಾಲ್ಕನೇ ಪಾಠ ನನಗೆ ಬಾಯಿಪಾಠ. ಹೊಲಿಗೆ ಕೆಲಸ ಮಾಡುವವರೇ, ಎಂದೇ ಅದು ಶುರುವಾಗುತ್ತದೆ. ಬೆರಳಿಗೆ ಲೋಹದ ಟೊಪ್ಪಿ ಹಾಕಿಕೊಳ್ಳಿ, ಆಪರೇಷನ್ ಆದ ಕಡೆಯ ಕೈಗೆ ಸೂಜಿ ಚುಚ್ಚಿದರೆ ತಕ್ಷಣ ತೊಳೆದು ಔಷಧಿ ಹಚ್ಚಿ, ಕೆಂಪಾದರೆ ಅಥವಾ ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಬನ್ನಿ, ಕೈ ಭಾರವೆನಿಸಿದರೆ ಕಾಯಬೇಡಿ. ಕತ್ತರಿ ಅಕ್ಕನಿಗೆಂದೇ ಹೇಳಿದ ಹಾಗಿತ್ತು. ಅದನ್ನು ಕೇಳಿದ ತಮ್ಮ ಮಾಡಿದ್ದೇನು? ಸೂಜಿ ಡಬ್ಬಿ ಎತ್ತಿ ಬೀರುವಿನ ಮೇಲೆ, ಹಳೇ ಸೂಟ್‌ಕೇಸಿನ ಹಿಂದೆ ಬಚ್ಚಿಟ್ಟ!

"ನಾನು ಏನಾದ್ರೂ ಮಾಡ್ಕೋತೀನಿ ಅಂತ ಹೆದರಿದಾನೆ ಅಂದ್ಕೊಂಡೆ ಕಣ್ರೀ" ಎಂದು ಅವಳು ಆಮೇಲೆ ನನಗೆ ಹೇಳಿದಳು. "ಸೂಜೀಲಿ ಸಾಯೋಕಾಗತ್ತಾ, ಪೆದ್ದು ಮುಂಡೇದೇ ಅಂತ ಮನಸ್ಸಲ್ಲೇ ಬೈಕೊಂಡು ಹೊಸ ಸೂಜಿ ತಂದೆ."

ಹೊಸ ಸೂಜಿಯಲ್ಲಿ ಅವನು ಕೆಲಸಕ್ಕೆ ಹೋದ ಮೇಲೆ ಕದ್ದು ಹೊಲಿದಳು. ಶಾಲೆ ಶುರುವಾಗುವ ಕಾಲ, ಗುಂಡಿ ಹಾಕಬೇಕಾದ ಅಂಗಿಗಳು ಗುಡ್ಡೆ ಬಿದ್ದಿದ್ದವು. ಒಂದು ಮಧ್ಯಾಹ್ನ ಬಲಗೈಯ ನಡುಬೆರಳಿಗೆ ಚುಚ್ಚಿತು. ನಲವತ್ತು ವರ್ಷದಲ್ಲಿ ಸಾವಿರ ಸಲ ಚುಚ್ಚಿದೆ, ಅವಳು ಬೆರಳು ಚೀಪಿ ಮುಂದಿನ ಗುಂಡಿ ಹಾಕಿದಳು. ಮೂರನೇ ದಿನ ಮೊಣಕೈವರೆಗೆ ಕೆಂಪು, ಮೈ ಕೆಂಡ. ತಮ್ಮ ಗಾಬರಿಯಾಗುತ್ತಾನೆಂದು ನೆಗಡಿ ಅಂದಳು, ಜ್ವರದ ಮಾತ್ರೆ ನುಂಗಿ ಮಲಗಿದಳು. ಜ್ವರ ಬಿಟ್ಟಿತು, ಕೈ ಊದಲು ಶುರುವಾಯಿತು.

ಊದಿದ ಕೈಗೆ ಅವಳು ಮಾಡಿದ ಚಿಕಿತ್ಸೆ ದರ್ಜಿಯದು. ತನ್ನ ಅಂಗಿಯ ಬಲತೋಳಿನ ಹೊಲಿಗೆ ಬಿಚ್ಚಿ ಎರಡು ಬೆರಳು ಅಗಲ ಬಿಟ್ಟುಕೊಂಡಳು. ತಿಂಗಳಿಗೆ ಅದೂ ಬಿಗಿಯಾಯಿತು, ಮತ್ತೆ ಬಿಟ್ಟಳು. ಮೂರನೇ ಸಲ ಬಿಡಲು ಬಟ್ಟೆಯೇ ಇರಲಿಲ್ಲ, ಬೇರೆ ತುಂಡು ಸೇರಿಸಿದಳು. ಮೇಲೆ ಶಾಲು ಹೊದ್ದುಕೊಂಡು ತಮ್ಮನಿಗೆ ಕಾಣದ ಹಾಗೆ ಓಡಾಡಿದಳು. ಆಪರೇಷನ್ ಆದಮೇಲೆ ಎಲ್ಲರಿಗೂ ಹೀಗೇ ಆಗುತ್ತೇನೋ, ಯಾರಿಗೆ ಗೊತ್ತು ಎಂದುಕೊಂಡಳಂತೆ. ಯಾರಿಗೆ ಗೊತ್ತು! ಅದೇ ಮನೆಯಲ್ಲಿ, ಪಕ್ಕದ ಕೋಣೆಯಲ್ಲಿ, ಪುಸ್ತಕದಲ್ಲಿ ಬರೆದಿಟ್ಟುಕೊಂಡವನು ಮಲಗಿದ್ದ. ಇದನ್ನು ಬರೆಯುವಾಗಲೂ ನನ್ನ ಮೈ ಉರಿಯುತ್ತದೆ.

ಕೊನೆಗೆ ಒಂದು ಬೆಳಿಗ್ಗೆ ಕತ್ತರಿಯ ಹಿಡಿಯೊಳಗೆ ಹೆಬ್ಬೆರಳು ತೂರಲಿಲ್ಲ. ಅವತ್ತು ಅವಳು ಒಬ್ಬಳೇ ಆಸ್ಪತ್ರೆಗೆ ಬಂದಳು.

ಊದಿದ ಕೈಗೆ ಪಟ್ಟಿ ಸುತ್ತಿ, ನೀವಿ, ವ್ಯಾಯಾಮ ಮಾಡಿಸುವ ಕೋಣೆಯೊಂದು ನಮ್ಮಲ್ಲಿದೆ. ಅಲ್ಲಿನ ಫಿಸಿಯೋ ಹುಡುಗಿ ಕೈ ನೋಡಿ, "ಇಷ್ಟು ದಿನ ಯಾಕಮ್ಮಾ ಬರ್ಲಿಲ್ಲ? ನಾಳೆಯಿಂದಲೇ ಶುರು ಮಾಡಬೇಕು, ಇನ್ನೂ ತಡವಾದ್ರೆ ಗಟ್ಟಿಯಾಗಿಬಿಡತ್ತೆ" ಎಂದು ಸಂಯೋಜಕರ ಸಹಿಗೆ ಕಳಿಸಿದಳು. ಸಂಯೋಜಕರು ಕಂಪ್ಯೂಟರಿನಲ್ಲಿ ಅವಳ ಹೆಸರು ತೆಗೆದರು. ಹನ್ನೆರಡು ಪಾಠ ಪೂರ್ತಿ. ಅಂಕ ಅರವತ್ತಕ್ಕೆ ಅರವತ್ತು. ಪಾಠ ಮುಗಿಸಿದವರು ವ್ಯಾಯಾಮ ಮನೆಯಲ್ಲೇ ಮಾಡಿಕೊಳ್ಳಬೇಕು, ಕೋಣೆಯ ಜಾಗ ಮೊದಲು ಪಾಠ ಸಿಗದವರಿಗೆ ಎಂಬುದು ಅವರೇ ಮಾಡಿದ ನಿಯಮ. ಮುಗಿಸಿದವರು ಜಾಗ ಬೇಕೆಂದರೆ ನಾಲ್ಕು ತಿಂಗಳು ಕಾಯಬೇಕು.

"ನಿಮಗೆ ಎಲ್ಲಾ ಹೇಳಿಕೊಟ್ಟಿದ್ದೀವಲ್ಲಮ್ಮಾ" ಅಂದರಂತೆ. "ಪೂರ್ತಿ ಅಂಕ ಬೇರೆ ತಗೊಂಡಿದ್ದೀರಿ. ಗೊತ್ತಿದ್ದೂ ಗೊತ್ತಿದ್ದೂ ನಿರ್ಲಕ್ಷ್ಯ ಮಾಡಿದ್ರೆ ನಾವೇನು ಮಾಡೋಣ?"

ಅವಳು ಅಲ್ಲಿಂದ ನೇರ ನನ್ನ ಕಿಂಡಿಗೆ ಬಂದಳು. ಸಾಲಿನಲ್ಲಿ ನಿಂತ ಆರು ಗಂಡಸರನ್ನು ದಾಟಿ ಬಂದಳು, ಒಬ್ಬೊಬ್ಬನೂ ಸರಿದು ದಾರಿ ಬಿಟ್ಟ.

"ಯಾವ ಪಾಠ? ಯಾರು ಬರೆದ್ರು ಪರೀಕ್ಷೆ? ನಾನು ಏಳನೇ ಕ್ಲಾಸಿಗೇ ಬಿಟ್ಟವಳು, ಅರವತ್ತಕ್ಕೆ ಅರವತ್ತು ಯಾವತ್ತು ತಗೊಂಡೆ?"

ನಾನು ತೆಗೆದು ನೋಡಿದೆ. ಅವಳ ಹೆಸರಿನ ಮುಂದಿದ್ದ ನಂಬರು ಓದಿ ಹೇಳಿದೆ.

"ಇದು ನನ್ನ ತಮ್ಮಂದು" ಅಂದಳು. ಆಮೇಲೆ ಎಡಗೈ ಬೆರಳು ಮಡಿಸುತ್ತಾ ಎಣಿಸಿದಳು. "ಬಕೆಟ್ಟು. ಗೋಡೆ ಗೆರೆ. ಸೂಜಿ. ಅಯ್ಯೋ ನಿನ್ನ!" ಎಂದು ಹಣೆ ಚಚ್ಚಿಕೊಂಡಳು.

ಅವಳನ್ನು ಒಳಗೆ ಕರೆದು ಕೂರಿಸಿ ನಾಲ್ಕನೇ ಪಾಠ ಹಾಕಿದೆ. ಕೇಳುತ್ತಾ ಕೇಳುತ್ತಾ ಅವಳ ಮುಖ ಬಿಗಿಯಾಯಿತು. ಮುಗಿದ ಮೇಲೆ ಕೇಳಿದಳು. "ಆ ನಂಬರು ಇಲ್ಲಿ ಒತ್ತಿದ್ದು ಯಾರು?"

"ನಾನೇ ಅಕ್ಕ."

"ನಿಮ್ಮ ಕಣ್ಣಿಗೆ ನಾನು ಕಾಣಿಸ್ತಿರಲಿಲ್ವಾ? ಅಲ್ಲೇ ಕುರ್ಚೀಲಿ ಕೂತಿದ್ದೆ."

ಕಾಣಿಸುತ್ತಿದ್ದಳು. ಅವಳ ಜೊತೆ ಅವತ್ತು ಕೂತಿದ್ದ ಹೆಂಗಸರೂ ಕಾಣಿಸುತ್ತಿದ್ದರು.

ಊಟದ ಬಿಡುವಿನಲ್ಲಿ ಪಾಠಕ್ಕೆ ಸೇರಿದವರ ಪಟ್ಟಿ ಮುಂದಿಟ್ಟುಕೊಂಡು ಆಸ್ಪತ್ರೆಯ ಫೋನಿನಿಂದ ಒಂದೊಂದೇ ನಂಬರಿಗೆ ಮಾಡಿದೆ. ಅವಳು ಪಕ್ಕದಲ್ಲೇ ಕೂತು ಕೇಳಿಸಿಕೊಂಡಳು. ಮೂವತ್ತೊಂದು ಫೋನಿಗೆ ಎರಡೇ ಎರಡು ಹೆಣ್ಣು ದನಿ. ಉಳಿದದ್ದೆಲ್ಲ, "ಯಾರು? ಏನ್ ವಿಷ್ಯ? ನನಗೇ ಹೇಳಿ." ಅವರಿಗೆ ಕೊಡಿ ಎಂದರೆ ಅಡಿಗೆ ಮಾಡುತ್ತಿದ್ದಾಳೆ, ಮಲಗಿದ್ದಾಳೆ, ಅವಳಿಗೆ ಇದೆಲ್ಲ ತಿಳಿಯಲ್ಲ. ಒಬ್ಬ ಮಹಾರಾಯ ಪಾಠ ತೆರೆದೇ ಇರಲಿಲ್ಲ, ಸಾಲ ಕೊಡುವವರ ಮೆಸೇಜು ಅಂದುಕೊಂಡು ಅಳಿಸುತ್ತಿದ್ದನಂತೆ. ಇನ್ನೊಬ್ಬರು ವಯಸ್ಸಾದವರು, ಮೆಲ್ಲಗೆ ಮಾತಾಡಿದರು.

"ಅವಳು ಹೋಗಿ ನಾಲ್ಕು ತಿಂಗಳಾಯ್ತು ಮೇಡಂ. ಪಾಠ ಮುಗಿದ್ರೂ ನಿಮ್ಮ ಮೆಸೇಜು ವಾರ ವಾರ ಬರತ್ತೆ, ಇವತ್ತು ಕೈ ಹೇಗಿದೆ ಅಂತ ಕೇಳತ್ತೆ. ಚೆನ್ನಾಗಿದೆ ಅಂತ ಒತ್ತುತ್ತೀನಿ. ಒತ್ತದೇ ಇದ್ರೆ ದಿನಾ ಕೇಳತ್ತೆ."

ನಾನು ಫೋನ್ ಇಟ್ಟೆ. ನಮ್ಮ ವರದಿಯಲ್ಲಿ ಆ ಹೆಂಗಸು ಚೆನ್ನಾಗಿರುವವರ ಲೆಕ್ಕದಲ್ಲಿದ್ದಳು. ಮುಂದಿನ ನಂಬರಿಗೆ ಮಾಡಲು ನನ್ನಿಂದಾಗಲಿಲ್ಲ.

ಪಟ್ಟಿ ಹಿಡಿದು ಸಂಯೋಜಕರ ಕೋಣೆಗೆ ಹೋದೆ. ಅವರು ಕೆಟ್ಟವರೇನಲ್ಲ, ಯಾರ ಮೇಲೂ ದನಿ ಎತ್ತಿದವರಲ್ಲ. ಪಟ್ಟಿಯನ್ನು ಓದಿ, ಮಡಿಚಿ, ನನ್ನ ಕಡೆಗೇ ತಳ್ಳಿದರು.

"ಮನೆಗೆ ತಲುಪಿದೆಯಲ್ಲ ಮೇಡಂ? ಮನೆಗೆ ತಲುಪಿದ್ರೆ ಅವರಿಗೆ ತಲುಪಿದ ಹಾಗೇ. ಮುಂದಿನ ವಾರ ಕಂಪ್ಯೂಟರ್ ಕೊಟ್ಟವರು ನೋಡೋಕೆ ಬರ್ತಿದಾರೆ. ನೂರಕ್ಕೆ ತೊಂಬತ್ತನಾಲ್ಕು ಜನ ಹೆಂಗಸರು ಪಾಠ ಮುಗಿಸಿದ್ದಾರೆ ಅಂತ ಬರೆದಾಗಿದೆ. ಈಗ ಇದನ್ನ ಕೆದಕಬೇಡಿ."

"ತೊಂಬತ್ತನಾಲ್ಕು ಜನ ಹೆಂಗಸರಲ್ಲ ಸಾರ್, ಅವರ ಗಂಡಂದಿರು" ಅಂದೆ. ಹನ್ನೊಂದು ವರ್ಷದಲ್ಲಿ ಅವರೆದುರು ಮೊದಲ ಸಲ ನನ್ನ ದನಿ ಏರಿತ್ತು. "ಈಯಮ್ಮನ ಕೈ ಹೋಗ್ತಾ ಇದೆ. ಮುಗಿಸಿದ್ದಾರೆ ಅನ್ನೋದನ್ನ ಅಳಿಸಿ, ನಾಳೆಯಿಂದ ಜಾಗ ಕೊಡಿ."

"ಸುಮ್ಮನೆ ಅಳಿಸೋಕಾಗಲ್ಲ. ಉತ್ತರ ಒತ್ತಿದ್ದು ಯಾರೋ ಅವರೇ ಬಂದು ಬರೆದುಕೊಡಬೇಕು, ನಾನು ಒತ್ತಿದೆ, ಅವಳಿಗೆ ಹೇಳಲಿಲ್ಲ ಅಂತ. ಬರೆಸ್ಕೊಂಡು ಬನ್ನಿ ನೋಡೋಣ."

ಯಾವ ಗಂಡಸು ಬಂದು ಹಾಗೆ ಬರೆದುಕೊಡುತ್ತಾನೆ ಎಂಬ ಧೈರ್ಯ ಅವರಿಗೆ. ಬಾಗಿಲ ಹೊರಗೆ ನಿಂತಿದ್ದ ಕತ್ತರಿ ಅಕ್ಕ ಅಷ್ಟನ್ನೂ ಕೇಳಿಸಿಕೊಂಡು ಹೊರಟುಹೋದಳು.

ಮಾರನೇ ದಿನ ಹತ್ತು ಗಂಟೆಗೆ ತಮ್ಮನನ್ನು ಎದುರಿಗೆ ನಡೆಸಿಕೊಂಡು ಬಂದಳು. ಅವನು ಇನ್ನೂ ಕಂಡಕ್ಟರ್ ಬಟ್ಟೆಯಲ್ಲೇ ಇದ್ದ, ಹೆಗಲಿಗೆ ಚರ್ಮದ ಚೀಲ. ಸಂಯೋಜಕರ ಮೇಜಿನ ಮೇಲೆ ಬಿಳಿ ಹಾಳೆ ಇಟ್ಟು ನಾನು ಪೆನ್ನು ಕೊಟ್ಟೆ. ಅವನು ಬರೆಯಲು ಶುರು ಮಾಡಿದ, ಎರಡು ಸಾಲಿಗೆ ನಿಂತ. ಬಗ್ಗಿ ನೋಡಿದೆ. ನನ್ನ ಅಕ್ಕನಿಗೆ, ಎಂದು ಬರೆದು ಮುಂದೆ ಜಾಗ ಬಿಟ್ಟಿದ್ದ.

"ಬರಿ" ಅಂದಳು.

"ಅಕ್ಕಾ, ನೀನು ಸ್ವಲ್ಪ ಹೊರಗೆ ಕೂತ್ಕೋ. ನಾನು ಬರೆದು ಕೊಡ್ತೀನಿ."

"ಕ್ಯಾನ್ಸರ್ ಅಂತ ಬರಿಯೋ."

ಅವನ ಕೈಯಿಂದ ಪೆನ್ನು ಬಿತ್ತು.

"ಗೇಟಿನ ಮೇಲೆ ಬರೆದಿದೆಯಲ್ಲೋ. ನಾನೇನು ಕಣ್ಣು ಮುಚ್ಕೊಂಡು ಬಂದ್ನಾ? ಮೊದಲ ದಿನವೇ ಓದಿದೀನಿ."

"ಮತ್ತೆ... ಒಂದು ದಿನನೂ ಹೇಳಲಿಲ್ಲ?"

"ನನಗೆ ಗೊತ್ತು ಅಂತ ನಿನಗೆ ಗೊತ್ತಾದ್ರೆ ಹೆದರ್ತೀಯ ಅಂತ. ನನಗೆ ಗೊತ್ತಿಲ್ಲ ಅಂತ ಅಂದ್ಕೊಂಡು ನೆಮ್ಮದಿಯಾಗಿದೀಯಲ್ಲ, ಇರ್ಲಿ ಅಂತ." ಅವಳ ದನಿ ಗಟ್ಟಿಯಾಯಿತು. "ಕಿಂಡೀಲಿ ನನ್ನ ಎದೆ ಒಡೆಯತ್ತೆ ಅಂದ್ಯಲ್ಲ, ನಿನ್ನ ಪಿಸುಮಾತು ಕುರ್ಚಿವರೆಗೂ ಕೇಳಿಸ್ತು. ಅಪ್ಪ ಸತ್ತಾಗ ಒಡೀಲಿಲ್ಲ, ಆ ಕಡೆಯ ಎದೆ ಕುಯ್ದು ಹಾಕಿದಾಗ ಒಡೀಲಿಲ್ಲ, ಒಂದು ಮಾತಿಗೆ ಒಡೀತಿತ್ತಾ? ಸೂಜಿ ಚುಚ್ಚಿದ್ರೆ ಆಸ್ಪತ್ರೆಗೆ ಹೋಗು ಅಂತ ಹೇಳೋಕೆ ಎಷ್ಟು ಹೊತ್ತು ಬೇಕಿತ್ತೋ ನಿನಗೆ? ಒಂದು ಸ್ಟಾಪಿಂದ ಇನ್ನೊಂದು ಸ್ಟಾಪಿಗೆ ಬಸ್ಸು ಹೋಗೋಷ್ಟು ಹೊತ್ತು!"

ಅವನು ಚೀಲದ ಪಟ್ಟಿ ಹಿಡಿದುಕೊಂಡು ಅಳತೊಡಗಿದ. ನನಗೂ ಅಳು ಬಂತು. ಸಂಯೋಜಕರು ಕಿಟಕಿಯ ಕಡೆ ನೋಡುತ್ತಿದ್ದರು. ಅಳು ನಿಲ್ಲುವವರೆಗೂ ಅವಳು ಕಾದಳು. ಆಮೇಲೆ ಪೆನ್ನು ಎತ್ತಿ ಅವನ ಕೈಗೆ ಕೊಟ್ಟು, ಒಂದೊಂದೇ ಪದ ಹೇಳಿ ಬರೆಸಿದಳು. ನನ್ನ ಅಕ್ಕನಿಗೆ ಕ್ಯಾನ್ಸರ್. ಅವಳಿಗೆ ಬಂದ ಪಾಠ ನಾನು ಕಲಿತೆ. ಅವಳಿಗೆ ಯಾರೂ ಕಲಿಸಲಿಲ್ಲ. ಅವನು ಸಹಿ ಹಾಕಿದ. ಸಂಯೋಜಕರಿಗೆ ಬೇರೆ ದಾರಿ ಇರಲಿಲ್ಲ, ಅಳಿಸಿದರು, ಅವತ್ತಿನಿಂದಲೇ ಕೋಣೆಯಲ್ಲಿ ಜಾಗ ಕೊಟ್ಟರು.

ಫಿಸಿಯೋ ಹುಡುಗಿ ಕೈ ಅಳೆದು ನಿಜ ಹೇಳಿದಳು. ಊತ ಅರ್ಧ ಇಳಿಯಬಹುದು, ಪೂರ್ತಿ ಇಳಿಯುವುದಿಲ್ಲ. ಗುಂಡಿ ಹಾಕಬಹುದು, ಮಿಷನ್ ತುಳಿಯಬಹುದು. ಹನ್ನೆರಡು ಪದರ ಬಟ್ಟೆ ಕತ್ತರಿಸುವುದನ್ನು ಇನ್ನು ಮರೆಯಬೇಕು. ಕತ್ತರಿ ಅಕ್ಕ ಪಟ್ಟಿ ಸುತ್ತಿದ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು, ಅಷ್ಟೆ. ಮೂರು ವಾರ ಮೊದಲು ಬಂದಿದ್ದರೂ ಆ ಕೈ ಉಳಿಯುತ್ತಿತ್ತು ಎಂದು ಆ ಹುಡುಗಿ ಆಮೇಲೆ ನನಗೆ ಹೇಳಿದಳು, ಅಕ್ಕನಿಗೆ ಹೇಳಲಿಲ್ಲ. ಮತ್ತೆ ಅದೇ ಚಾಳಿ! ಹೋಗಿ ಅವಳಿಗೇ ಹೇಳು ಎಂದು ನಾನು ಆ ಹುಡುಗಿಯನ್ನು ಅಲ್ಲಿಂದಲೇ ಎಬ್ಬಿಸಿ ಕಳಿಸಿದೆ. ಹೋಗಿ ಹೇಳಿದಳು.

ಅವತ್ತೇ ಮಧ್ಯಾಹ್ನ ಅವಳನ್ನು ಹೊಸದಾಗಿ ಪಾಠಕ್ಕೆ ಸೇರಿಸಬೇಕಿತ್ತು. ಹಾಲ್‌ಗೆ ಹೋಗಿ ಕಂಪ್ಯೂಟರಿನ ಹೂವಿನ ಮುಸುಕು ತೆಗೆದೆ. ನಂಬರು ಕೇಳಿದೆ. ತಮ್ಮ ಅಭ್ಯಾಸಬಲದಿಂದ ಬಾಯಿ ತೆರೆದ, ತಾನೇ ಮುಚ್ಚಿಕೊಂಡ. ಅವಳು ತನ್ನ ನಂಬರನ್ನು ತಡವರಿಸಿ ನೆನಪು ಮಾಡಿಕೊಂಡು ಹೇಳಿದಳು, ಅದನ್ನು ಯಾರೂ ಇದುವರೆಗೆ ಕೇಳಿದವರೇ ಇರಲಿಲ್ಲ. ಆರು ಅಂಕಿ ಅವಳ ಫೋನಿಗೆ ಬಂತು. ಸಂಯೋಜಕರೂ ಬಂದು ಹಿಂದೆ ನಿಂತರು. ಕಬ್ಬಿಣದ ಕುರ್ಚಿಗಳಿಂದ ನಾಲ್ಕೈದು ಹೆಂಗಸರು ಕತ್ತು ಉದ್ದ ಮಾಡಿ ನೋಡುತ್ತಿದ್ದರು.

ಪಾಠ ಶುರುವಾಗುವ ಮೊದಲು ಪರದೆಯ ಮೇಲೆ ಒಂದು ಪ್ರಶ್ನೆ ಬಂತು. ಆ ಹೆಂಗಸಿನ ದನಿ ಅದನ್ನು ಓದಿತು. "ನಿಮ್ಮ ಕಾಯಿಲೆ ಏನೆಂದು ನಿಮಗೆ ಯಾರಾದರೂ ಹೇಳಿದ್ದಾರೆಯೇ?" ಕೆಳಗೆ ಎರಡು ಗುಂಡಿ, ಹೌದು, ಇಲ್ಲ.

ಅವಳ ಬೆರಳು ಎರಡರ ಮೇಲೂ ಹೋಗಲಿಲ್ಲ, ನಡುವೆ ನಿಂತಿತು.

"ಹೌದು ಅಂತ ಒತ್ತಿ ಅಮ್ಮಾ" ಅಂದರು ಸಂಯೋಜಕರು. "ನಿಮಗೆ ಗೊತ್ತಲ್ಲ."

"ನನಗೆ ಗೊತ್ತು ಸಾರ್" ಅಂದಳು ಕತ್ತರಿ ಅಕ್ಕ. ತಮ್ಮನನ್ನು ನೋಡಿದಳು, ಅವರನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. "ಅದು ಕೇಳ್ತಿರೋದು ಯಾರಾದ್ರೂ ಹೇಳಿದ್ರಾ ಅಂತ."

ಎಡಗೈ ಚಾಚಿ 'ಇಲ್ಲ' ಒತ್ತಿದಳು.